ಗೈಡ್ ತಪ್ಪು ಮಾಡಿದರೆ ಕೇಳುವವರು ಯಾರು?

(ಶಿವಮೊಗ್ಗದಲ್ಲಿ ಓದುಗರ ಬಳಗವೊಂದು ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇನೆ. ಹೊರಗಿನ ಮಳೆ ಸದ್ದಿಗೆ ಎರಡೆರಡು ಸಲ ಹೇಳಬೇಕಾಗಿ ಬಂದದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪೀಠಿಕೆ ಬೇಡ, ಒಂದು ನಿಯಮದಿಂದಲೇ ಶುರು ಮಾಡುತ್ತೇನೆ.

ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರ ಜುಲೈನಲ್ಲಿ ಕೃತಿಚೌರ್ಯ ತಡೆಯುವುದಕ್ಕೆ ಅಂತ ಒಂದು ನಿಯಮಾವಳಿ ತಂದಿತು. ಬೇರೆಯವರ ಬರಹದ ಜೊತೆ ಎಷ್ಟು ಹೋಲುತ್ತದೆ ಅನ್ನುವುದರ ಮೇಲೆ ಅಲ್ಲಿ ತಪ್ಪನ್ನು ಅಳೆಯುತ್ತಾರೆ. ನೂರಕ್ಕೆ 10ರ ತನಕ ಮಾಫಿ. 10ರಿಂದ 40ರ ತನಕ ಒಂದು ಹಂತ, 60ರ ತನಕ ಇನ್ನೊಂದು, 60 ದಾಟಿದರೆ ಕೊನೇ ಹಂತ. ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬಳು ಪಿಎಚ್.ಡಿ ವಿದ್ಯಾರ್ಥಿನಿ, ಇನ್ನೊಬ್ಬರು ಅವಳ ವಿಭಾಗದ ಪ್ರಾಧ್ಯಾಪಕರು. ಅವಳು ತನ್ನ ಪ್ರಬಂಧದಲ್ಲಿ, ಅವರು ತಮ್ಮ ಲೇಖನದಲ್ಲಿ, ಇಬ್ಬರೂ ಕೊನೇ ಹಂತದ ಕಳ್ಳತನ ಮಾಡಿದ್ದಾರೆ. ವಿದ್ಯಾರ್ಥಿನಿಗೆ ಏನಾಗುತ್ತದೆ? ನೋಂದಣಿ ರದ್ದು. ನಾಲ್ಕೈದು ವರ್ಷದ ಓದು ಅಲ್ಲಿಗೆ ಮುಗಿಯಿತು. ಪ್ರಾಧ್ಯಾಪಕರಿಗೆ? ಲೇಖನ ವಾಪಸ್ ತೆಗೆದುಕೊಳ್ಳಬೇಕು. ಎರಡು ವರ್ಷ ಇನ್‌ಕ್ರಿಮೆಂಟ್ ಸಿಗುವುದಿಲ್ಲ. ಮೂರು ವರ್ಷ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಾಗಿಲ್ಲ. ಅಷ್ಟೇ. ಕೆಲಸದಿಂದ ತೆಗೆಯುವ ಮಾತು ಬರುವುದು ಅದೇ ಕೊನೇ ಹಂತದ ತಪ್ಪನ್ನು ಇನ್ನೊಂದು ಸಲ ಮಾಡಿ, ಇನ್ನೊಂದು ಸಲ ಸಿಕ್ಕಿಬಿದ್ದರೆ ಮಾತ್ರ.

ಇನ್‌ಕ್ರಿಮೆಂಟ್ ಅಂದರೆ ಮೂಲವೇತನದ ಶೇ. 3. ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರುಗಳು ನಗುತ್ತಿದ್ದೀರಿ, ನಿಮಗೆ ಲೆಕ್ಕ ಗೊತ್ತಿದೆ ಅಲ್ವಾ?

ಇನ್ನೊಂದು ಸಾಲು ನೋಡಿ. ತನ್ನ ಕೈಕೆಳಗೆ ತಯಾರಾದ ಪ್ರಬಂಧದಲ್ಲಿ ಕೃತಿಚೌರ್ಯ ಇಲ್ಲ ಅಂತ ಗೈಡ್, ಅಂದರೆ ಮಾರ್ಗದರ್ಶಕರು, ಸರ್ಟಿಫಿಕೇಟ್ ಕೊಡಬೇಕು ಅಂತ ಅದೇ ನಿಯಮ ಹೇಳುತ್ತದೆ. ಸರಿಯಾದ ಮಾತು. ಆದರೆ ಆ ಸರ್ಟಿಫಿಕೇಟ್ ಸುಳ್ಳಾದರೆ? ಪ್ರಬಂಧಕ್ಕೆ ಬರೆದಿರುವ ದಂಡನೆಗಳೆಲ್ಲ ವಿದ್ಯಾರ್ಥಿಗೇ. ಸಹಿ ಹಾಕಿದವರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಪ್ರಬಂಧದ ರಕ್ಷಾಪುಟದಲ್ಲಿ ಹೆಸರು ಬೇಕು, ಅದರಿಂದ ಹುಟ್ಟಿದ ಲೇಖನದಲ್ಲೂ ಹೆಸರು ಬೇಕು, ಬಡ್ತಿಯ ಅರ್ಜಿಯಲ್ಲಿ 'ಇಷ್ಟು ಜನಕ್ಕೆ ಪಿಎಚ್.ಡಿ ಮಾಡಿಸಿದ್ದೇನೆ' ಅಂತ ಅಂಕ ಬೇಕು. ಹೊಣೆ ಬಂದಾಗ ಮಾತ್ರ 'ಹುಡುಗ ಹೇಗೋ ಮಾಡಿಬಿಟ್ಟಿದ್ದಾನೆ, ನನಗೆ ಗೊತ್ತೇ ಆಗಲಿಲ್ಲ'. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ನಮ್ಮಲ್ಲಿ ನಿಯಮಕ್ಕೆ ಕೊರತೆ ಇಲ್ಲ. ಆದರೆ ಅದರ ಮೊನೆ ಕೆಳಗಿನವರ ಕಡೆ ತಿರುಗಿದೆ.

'ಪ್ರೊಫೆಸರುಗಳು ಏನೋ ಬರೆದುಕೊಳ್ಳುತ್ತಾರೆ, ಯಾರೂ ಓದುವುದಿಲ್ಲ, ಅದರಲ್ಲಿ ಸುಳ್ಳಿದ್ದರೆ ನಮಗೇನು' ಅಂತ ಕೇಳುವವರಿದ್ದಾರೆ. ಅವರಿಗೆ ಅಡಿಕೆ ತೋಟದಿಂದಲೇ ಉತ್ತರ ಹೇಳಬಹುದು. ಮಳೆಗಾಲದಲ್ಲಿ ಕೊಳೆರೋಗ ಬಾರದಿರಲಿ ಅಂತ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಔಷಧಿ ಹೊಡೆಸದ ತೋಟ ನಮ್ಮಲ್ಲಿ ಉಂಟಾ? ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಬೋರ್ಡೋ ದ್ರಾವಣ. ಅದಕ್ಕೂ ಮುಂಚೆ ಮಳೆ ತಾಗದ ಹಾಗೆ ಕೊನೆಗೆ ಕೊಟ್ಟೆಯ ಹೊದಿಕೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಬೋರ್ಡೋ ಸಿಂಪಡಣೆಯನ್ನು ಮಲೆನಾಡಿನ ತೋಟಗಳಿಗೆ ತಂದ ಕೆಲಸವೂ ಅವರದ್ದೇ. ನೂರು ವರ್ಷ ಆದರೂ ಅದು ನಿಂತಿದೆ. ಯಾಕೆಂದರೆ ಹೊಡೆದ ಮರ, ಹೊಡೆಯದ ಮರ ಎರಡನ್ನೂ ನೋಡಿ ಬರೆದದ್ದು. ಈಗ ಎಲೆಚುಕ್ಕಿ ರೋಗ ಬಂದಿದೆ. ಯಾವ ಔಷಧಿ, ಎಷ್ಟು ಸಲ ಅನ್ನುವ ಶಿಫಾರಸು ಎಲ್ಲೋ ಒಂದು ಪ್ರಯೋಗದ ಅಂಕಿಯಿಂದಲೇ ಬರಬೇಕು. ಆ ಅಂಕಿಯನ್ನು ಯಾರಾದರೂ ಕುರ್ಚಿಯಲ್ಲಿ ಕೂತು ಬರೆದರೆ ಔಷಧಿ ದುಡ್ಡು, ಕೊನೆಗಾರನ ಕೂಲಿ, ಹೋದ ಫಸಲು ಎಲ್ಲ ಬೆಳೆಗಾರನ ತಲೆಗೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅದನ್ನು ಈ ಊರಲ್ಲಿ ನಿಂತು ಹೇಳುವುದು ಸ್ವಲ್ಪ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 2004ರಲ್ಲಿ ಆ ವರದಿ ಅಚ್ಚಾಯಿತು. ಅಡಿಕೆ ತಿಂದೇ ಬದುಕಿದವರು ನಾವು, ನಮಗೆ ಸಿಟ್ಟು ಬರುತ್ತದೆ. ಅದು ಸಹಜ. ಮರುಪರಿಶೀಲನೆ ಕೇಳುವ ಹಕ್ಕೂ ಇದೆ. ಆದರೆ 'ನಮ್ಮ ಅಡಿಕೆಗೆ ಒಳ್ಳೇ ಸರ್ಟಿಫಿಕೇಟ್ ಬರುವಂಥ ಸಂಶೋಧನೆ ಮಾಡಿಸಿ' ಅಂತ ನಾವೇ ಸಭೆಗಳಲ್ಲಿ ಹೇಳುತ್ತೇವಲ್ಲ, ಅದು ಸಂಶೋಧನೆ ಕೇಳುವ ರೀತಿ ಅಲ್ಲ. ಉತ್ತರ ಮೊದಲೇ ಹೇಳಿ ಪ್ರಶ್ನೆ ಕೊಟ್ಟ ಹಾಗಾಯಿತು. ಹಾಗೆ ಬಗ್ಗಿಸಿ ಬರೆಸಿಕೊಂಡ ವರದಿ ಕೋರ್ಟಿನಲ್ಲಿ ಮೂಲ ಅಂಕಿ ತೋರಿಸಿ ಅಂದ ದಿನ ನಮ್ಮ ಕೈಕೊಡುತ್ತದೆ.

ತಪ್ಪು ಬೇರೆ, ಮೋಸ ಬೇರೆ. ಇದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮಂಗನ ಕಾಯಿಲೆ ಗೊತ್ತಾದದ್ದು 1957ರಲ್ಲಿ, ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದಕ್ಕೆ ಲಸಿಕೆ ಬಂತು, ಎಷ್ಟೋ ವರ್ಷ ಕೊಟ್ಟರು. ಅದು ಸಾಲದು ಅಂತ ಕಂಡಮೇಲೆ 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಅಲ್ಲಿ ಯಾರೂ ಕಳ್ಳರಲ್ಲ. ಅಳೆದು ನೋಡಿ 'ಇದು ಸಾಲದು' ಅನ್ನುವುದು ವಿಜ್ಞಾನ ನಡೆಯುವ ರೀತಿಯೇ. ನಾನು ಮಾತಾಡುತ್ತಿರುವುದು ಅಳೆಯದೇ ಅಳೆದೆ ಅನ್ನುವವರ ಬಗ್ಗೆ.

ಈಗ ನನ್ನ ಕಸುಬಿಗೆ ಬರುತ್ತೇನೆ. ನಾನು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸಿದವನು. ನಿವೃತ್ತಿ ಆದಮೇಲೂ ಪಿಎಚ್.ಡಿ ಹುಡುಗರು ಪೆನ್‌ಡ್ರೈವ್ ಹಿಡಿದುಕೊಂಡು ಮನೆಗೆ ಬರುತ್ತಾರೆ. 'ಸರ್, ಟೇಬಲ್ ಹಾಕಿಕೊಡಿ'. ಹಾಗೆ ಬಂದ ಒಬ್ಬಳ ವಿಷಯ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಅವಳ ವಿಶ್ವವಿದ್ಯಾಲಯ ಯಾವುದು ಅಂತ ಯಾರೂ ಕೇಳಬೇಡಿ, ಹೇಳುವುದಿಲ್ಲ.

ಶರಾವತಿ ಮುಳುಗಡೆ ಕುಟುಂಬಗಳ ಬಗ್ಗೆ ಅವಳ ಅಧ್ಯಯನ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಆಗ ಎದ್ದು ಹೋದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಒಳ್ಳೇ ವಿಷಯ. ಹುಡುಗಿ 74 ಮನೆ ಸುತ್ತಿದ್ದಳು. ಅವಳ ಪ್ರಶ್ನಾವಳಿಯ ಹಾಳೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿದರೆ ಸಾಕು, ನಿಜವಾಗಿ ಹೋಗಿ ಕೇಳಿದ್ದು ಅಂತ ಗೊತ್ತಾಗುತ್ತದೆ. ಹೇಗೆ ಗೊತ್ತೇ? ವಯಸ್ಸಿನ ಕಾಲಂ ನೋಡಬೇಕು. ಹಳ್ಳಿಯಲ್ಲಿ ಅಜ್ಜನಿಗೆ ವಯಸ್ಸೆಷ್ಟು ಅಂತ ಕೇಳಿದರೆ 'ಎಪ್ಪತ್ತು ಇರಬಹುದು ತಮ್ಮ' ಅನ್ನುತ್ತಾರೆ. ಎಪ್ಪತ್ತಮೂರು ಅನ್ನುವುದಿಲ್ಲ. ಹಾಗಾಗಿ ನಿಜವಾದ ಸಮೀಕ್ಷೆಯಲ್ಲಿ ವಯಸ್ಸುಗಳೆಲ್ಲ 50, 55, 60, 65ರ ಹತ್ತಿರ ಗುಂಪು ಕೂತಿರುತ್ತವೆ. ಜನಗಣತಿಯವರಿಗೂ ಇದು ಹಳೇ ತಲೆನೋವು. ಕಟ್ಟಿ ಬರೆಯುವವನು ಮಾತ್ರ 'ಸಹಜವಾಗಿ ಕಾಣಲಿ' ಅಂತ 52, 57, 63, 68 ಅಂತ ಹರಡುತ್ತಾನೆ. ಆಮೇಲೆ ಜಮೀನು. ನಮ್ಮ ಜನ 'ಒಂದೆಕರೆ ಮೂವತ್ತು ಗುಂಟೆ' ಅನ್ನುತ್ತಾರೆ. ಅವಳ ಹಾಳೆಗಳಲ್ಲಿ ಹಾಗೇ ಇತ್ತು. ಬಗರ್‌ಹುಕುಂ, ಅಂದರೆ ಹಕ್ಕುಪತ್ರ ಇಲ್ಲದೇ ಸಾಗುವಳಿ ಮಾಡುವ ಸರ್ಕಾರಿ ಜಾಗ, ಎಷ್ಟಿದೆ ಅನ್ನುವ ಕಡೆ ಅರ್ಧಕ್ಕರ್ಧ ಖಾಲಿ. ಯಾರು ಹೇಳುತ್ತಾರೆ? ಅರಣ್ಯ ಇಲಾಖೆಯವರು ಕಳಿಸಿದ ಹುಡುಗಿಯೋ ಏನೋ ಅನ್ನುವ ಅನುಮಾನ ಇದ್ದೇ ಇರುತ್ತದೆ. ಖಾಲಿ ಬಿಟ್ಟ ಜಾಗವೇ ಅಲ್ಲಿ ಸಾಕ್ಷಿ. ಒಂದು ಹಾಳೆಯ ಅಂಚಿನಲ್ಲಿ 'ಅಜ್ಜಿ ಮಧ್ಯದಲ್ಲಿ ಎದ್ದು ಹೋದರು, ನಾಳೆ ಬಾ ಅಂದರು' ಅಂತ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದಳು.

ಇದು ಒಂದು ಫೈಲು. ಪೆನ್‌ಡ್ರೈವಿನಲ್ಲಿ ಇನ್ನೊಂದು ಎಕ್ಸೆಲ್ ಫೈಲು ಇತ್ತು, 'ಸರ್ ಹೇಳಿದ್ದು' ಅಂತ ಅದರ ಹೆಸರು. ಅದರಲ್ಲಿ 300 ಮನೆ. ಸುಮ್ನೆ ಕುತೂಹಲಕ್ಕೆ ಜಮೀನಿನ ಕಾಲಂ ಹಿಡಿದು ಸಾರ್ಟ್ ಮಾಡಿದೆ. ಸಾಲುಗಳು ನಾಲ್ಕು ನಾಲ್ಕಾಗಿ ನಿಂತವು, ಕೆಲವು ಕಡೆ ಐದು ಐದು. ಅದೇ ಜಮೀನು, ಅದೇ ಮಕ್ಕಳ ಸಂಖ್ಯೆ, ಅದೇ ಸಾಲ. ವಯಸ್ಸು ಮಾತ್ರ ಒಂದೆರಡು ವರ್ಷ ಆಚೀಚೆ. 74 ಮನೆಯನ್ನೇ ಎತ್ತಿ ಎತ್ತಿ ಅಂಟಿಸಿ 300 ಮಾಡಿದ್ದಾರೆ. ಖಾಲಿ ಬಿಟ್ಟಿದ್ದ ಬಗರ್‌ಹುಕುಂ ಕಾಲಂ ಪೂರ್ತಿ ತುಂಬಿದೆ. ಕೇಳಿದೆ. '74 ಸ್ಯಾಂಪಲ್‌ಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಕರಾರು ಬರುತ್ತೆ, 300 ಮಾಡಿಕೊಂಡು ಬಾ ಅಂದರು ಸರ್. ನಾನು ಇನ್ನೂ ಆರು ತಿಂಗಳು ಟೈಮ್ ಕೇಳಿದೆ. ಊರೂರು ಸುತ್ತೋದು ಬೇಡ, ಕೂತಲ್ಲೇ ಮಾಡು ಅಂದರು' ಅಂದಳು.

ನಾನು ಆ ಎರಡನೇ ಫೈಲಿಗೆ ಟೇಬಲ್ ಹಾಕಿಕೊಡಲಿಲ್ಲ. 74 ಮನೆ ಸಾಕು, ಅದನ್ನೇ ಸರಿಯಾಗಿ ಬರೆ ಅಂದೆ. ಅವಳಿಗೆ ಇಷ್ಟವೇ. ಆದರೆ ಸಹಿ ಹಾಕುವವರು ನಾನಲ್ಲವಲ್ಲ! ಆಮೇಲೆ ಬೇರೆ ಎಲ್ಲೋ ಟೇಬಲ್ ಹಾಕಿಸಿಕೊಂಡಳು. ಪ್ರಬಂಧ ಸಾಫ್ಟ್‌ವೇರ್ ತಪಾಸಣೆಯಲ್ಲಿ ಒಂದಂಕಿ ಹೋಲಿಕೆ ತೋರಿಸಿ ಪಾಸಾಯಿತು. ಪಾಸಾಗದೇ ಏನು? ಅವಳು ಯಾರ ವಾಕ್ಯವನ್ನೂ ಕದ್ದಿಲ್ಲ. ಕೃತಿಚೌರ್ಯದ ನಿಯಮ ವಾಕ್ಯದ ಕಳ್ಳತನವನ್ನು ನೋಡುತ್ತದೆ. ಇಲ್ಲದ 226 ಮನೆಗಳನ್ನು ಅದು ನೋಡುವುದಿಲ್ಲ.

ದೂರು ಕೊಡಬಹುದಿತ್ತಲ್ಲ ಅಂತೀರಿ. ಕೊಡಬೇಕಾದ್ದು ವಿಭಾಗ ಮಟ್ಟದ ಸಮಿತಿಗೆ. ನಿಯಮದ ಪ್ರಕಾರ ಅದಕ್ಕೆ ಅಧ್ಯಕ್ಷರು ವಿಭಾಗದ ಮುಖ್ಯಸ್ಥರು. ಅವಳ ಗೈಡೇ ಆಗ ವಿಭಾಗದ ಮುಖ್ಯಸ್ಥರು.

ಸಾಫ್ಟ್‌ವೇರ್ ಅಂದೆನಲ್ಲ, ಕನ್ನಡದಲ್ಲಿ ಪಿಎಚ್.ಡಿ ಮಾಡುವವರಿಗೆ ಇನ್ನೊಂದು ತಮಾಷೆ ಗೊತ್ತಿರುತ್ತದೆ. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪ್ರಬಂಧ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಚಿಕ್ಕೆ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯುನಿಕೋಡ್ ಕನ್ನಡದಲ್ಲಿರುವ ಮೂಲದ ಜೊತೆ ಅದನ್ನು ಹೋಲಿಸಿದರೆ ಹೋಲಿಕೆ ಸೊನ್ನೆ ಬರುತ್ತದೆ. ಇನ್ನು ನಮ್ಮ ಹಳೇ ಪುಸ್ತಕಗಳಲ್ಲಿ ಬಹುಪಾಲು ಅಂತರ್ಜಾಲದಲ್ಲೇ ಇಲ್ಲ. ಜಾನಪದದ ಮೇಲೆ ಎಪ್ಪತ್ತರ ದಶಕದಲ್ಲಿ ಅಚ್ಚಾಗಿ ಮೂಲೆ ಸೇರಿದ ಪುಸ್ತಕವನ್ನು ಹಾಗೇ ಇಳಿಸಿದರೆ ಹಿಡಿಯುವವರು ಯಾರು? ಇಂಗ್ಲಿಷಿನಿಂದ ಅನುವಾದ ಮಾಡಿ ಇಳಿಸಿದರಂತೂ ಮಾತೇ ಇಲ್ಲ. ಆ ಪುಸ್ತಕ ಓದಿದ ಒಬ್ಬ ಮನುಷ್ಯ ಮಾತ್ರ ಹಿಡಿಯಬಲ್ಲ. ಹಾಗಾಗಿ 'ಸಾಫ್ಟ್‌ವೇರ್ ಪಾಸಾಗಿದೆ' ಅನ್ನುವ ಒಂದು ಹಾಳೆಯ ವರದಿಯನ್ನು ದೊಡ್ಡ ಸಾಕ್ಷಿ ಅಂತ ಯಾರೂ ತೋರಿಸಬೇಡಿ.

ಈಗ ಒಂದು ಹಳೇ ಪ್ರಕರಣ. ಹೊಣೆ ಹೊರಿಸುವುದು ಅಂದರೇನು, ಹೊರಿಸದೇ ಬಿಡುವುದು ಅಂದರೇನು ಅನ್ನುವುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿ.ಜೆ. ಗುಪ್ತಾ ಅಂತ ಪಳೆಯುಳಿಕೆ ವಿಜ್ಞಾನದ ಪ್ರಾಧ್ಯಾಪಕರಿದ್ದರು. ಹಿಮಾಲಯದಲ್ಲಿ ಸಿಕ್ಕ ಪಳೆಯುಳಿಕೆಗಳ ಬಗ್ಗೆ ಎರಡು ದಶಕಕ್ಕೂ ಜಾಸ್ತಿ ಕಾಲ ನೂರಾರು ಲೇಖನ ಬರೆದರು. ವಿದೇಶದ ವಿದ್ವಾಂಸರೂ ಜೊತೆಗೆ ಹೆಸರು ಹಾಕಿಸಿಕೊಂಡರು. ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ಅನ್ನುವವರಿಗೆ ಅನುಮಾನ ಬಂತು. ಹಿಮಾಲಯದ್ದು ಅಂತ ತೋರಿಸಿದ ಕೆಲವು ಪಳೆಯುಳಿಕೆಗಳು ಮೊರಾಕ್ಕೋದಲ್ಲಿ ಸಿಗುವಂಥವು. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತವೆ. ಇನ್ನು ಕೆಲವು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಕ್ರೀಕ್ ಅನ್ನುವ ಹಳ್ಳದವು. ಟ್ಯಾಲೆಂಟ್ 1987ರಲ್ಲಿ ಕೆನಡಾದ ಒಂದು ಸಮ್ಮೇಳನದಲ್ಲಿ ಇದನ್ನು ಎತ್ತಿದರು. 1989ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರವಾಗಿ ಬರೆದರು.

ಇದರಿಂದ ಆದ ನಷ್ಟ ಯೋಚಿಸಿ. ನಾಳೆ ಯಾರಾದರೂ ಆಗುಂಬೆಯಲ್ಲಿ ಸಿಕ್ಕಿತು ಅಂತ ಒಂದು ಕಪ್ಪೆಯನ್ನು ಬರೆದು, ಅದು ಬೇರೆ ದೇಶದಿಂದ ತಂದದ್ದಾಗಿದ್ದರೆ? ಒಂದು ಕಪ್ಪೆಯ ಸುಳ್ಳಿಗೆ ಇಡೀ ಪಶ್ಚಿಮ ಘಟ್ಟದ ಪಟ್ಟಿಯನ್ನೇ ಅನುಮಾನದಿಂದ ನೋಡಬೇಕಾಗುತ್ತದೆ. ಹಿಮಾಲಯದ ಭೂವಿಜ್ಞಾನಕ್ಕೆ ಆದದ್ದು ಅದೇ. ಯಾವ ಲೇಖನ ನಿಜ, ಯಾವುದು ಸುಳ್ಳು ಅಂತ ಬೇರೆಯವರು ಕೂತು ಹೆಕ್ಕಬೇಕಾಯಿತು.

ವಿಶ್ವವಿದ್ಯಾಲಯ ಏನು ಮಾಡಿತು? ಅಮಾನತು ಮಾಡಿತು, ವಾಪಸ್ ತೆಗೆದುಕೊಂಡಿತು. ವಿಚಾರಣೆ ವರ್ಷಗಟ್ಟಲೆ ಎಳೆಯಿತು. ನಿವೃತ್ತ ನ್ಯಾಯಾಧೀಶರೊಬ್ಬರು ವಿಚಾರಣೆ ಮಾಡಿ ತಪ್ಪು ಹೌದು ಅಂತ 1994ರಲ್ಲಿ ಹೇಳಿದರು. ಆದರೂ ಕೆಲಸ ಹೋಗಲಿಲ್ಲ. ನಿವೃತ್ತಿ ವಯಸ್ಸಿನ ತನಕ ಅಲ್ಲೇ ಇದ್ದರು. ಇಷ್ಟೆಲ್ಲ ಆಗಿದ್ದು ಸಾಕ್ಷಿ ಸಿಗದೇ ಅಲ್ಲ. ಸಾಕ್ಷಿ ಜಗತ್ತಿನ ಮುಂದೆ ಅಚ್ಚಾಗಿತ್ತು.

ಪರ್ವತ ದೊಡ್ಡದು, ಹುಲ್ಲುಕಡ್ಡಿಯಷ್ಟೂ ಅಲುಗಲಿಲ್ಲ ಅಂತ ಬೇಸರಪಡುವುದಕ್ಕೆ ಮುಂಚೆ ಇನ್ನೊಂದು ಪ್ರಕರಣ ಹೇಳಬೇಕು. ಇದು ಹಾಲೆಂಡಿನ ಟಿಲ್‌ಬರ್ಗ್‌ನದ್ದು. ಡೀಡರಿಕ್ ಸ್ಟಾಪೆಲ್ ಅನ್ನುವ ಮನಶ್ಶಾಸ್ತ್ರದ ಪ್ರಾಧ್ಯಾಪಕ ಸಮೀಕ್ಷೆಗಳನ್ನು ಮಾಡಿಸದೇ ಮನೆಯಲ್ಲಿ ಕೂತು ಉತ್ತರಗಳನ್ನು ತಾನೇ ತುಂಬುತ್ತಿದ್ದ. ನಮ್ಮ 300 ಮನೆಯ ಕಥೆಯೇ. ವ್ಯತ್ಯಾಸ ಏನು ಅಂದರೆ, ಅವನು ಹಾಗೆ ತುಂಬಿದ ಅಂಕಿಗಳನ್ನು ವಿದ್ಯಾರ್ಥಿಗಳಿಗೇ 'ತಗೊಳ್ಳಿ, ನಿಮ್ಮ ಡೇಟಾ' ಅಂತ ಕೊಡುತ್ತಿದ್ದ. ಪಾಪ, ಅವರ ಪ್ರಬಂಧಗಳಲ್ಲೂ ಅದು ಸೇರಿತು. 2011ರಲ್ಲಿ ಅವನ ಕೈಕೆಳಗಿದ್ದ ಮೂವರು ಯುವ ಸಂಶೋಧಕರು ಧೈರ್ಯ ಮಾಡಿ ದೂರು ಕೊಟ್ಟರು. ಕೂಡಲೇ ಕೆಲಸದಿಂದ ತೆಗೆದರು. ಅವನು ಕೆಲಸ ಮಾಡಿದ್ದ ಮೂರು ವಿಶ್ವವಿದ್ಯಾಲಯಗಳೂ ಸೇರಿ ತನಿಖೆ ಮಾಡಿ, ಒಂದೊಂದು ಲೇಖನವನ್ನೂ ಪರೀಕ್ಷಿಸಿ, 2012ರಲ್ಲಿ ಪೂರ್ತಿ ವರದಿಯನ್ನು ಸಾರ್ವಜನಿಕರ ಮುಂದಿಟ್ಟವು. 58 ಲೇಖನ ವಾಪಸ್ ಹೋದವು. ಅವನು ಡಾಕ್ಟರೇಟನ್ನೂ ಬಿಟ್ಟುಕೊಟ್ಟ.

ನಮ್ಮಲ್ಲಿ ಆಗುವುದೇ ಇಲ್ಲ ಅಂತಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2020ರಲ್ಲಿ ಹೊರಬಂದ ಒಂದು ಲೇಖನದ ಚಿತ್ರಗಳನ್ನು ತಿದ್ದಿದ್ದಾರೆ ಅಂತ ಹೊರಗಿನ ಓದುಗರು ತೋರಿಸಿದರು. ಸಂಸ್ಥೆ ತನಿಖೆ ಮಾಡಿತು, ಮರುವರ್ಷವೇ ಲೇಖನ ವಾಪಸ್ ಹೋಯಿತು. ಕೇಂದ್ರದ ಸಂಸ್ಥೆಗೆ ಸಾಧ್ಯವಾದದ್ದು ರಾಜ್ಯದ ವಿಶ್ವವಿದ್ಯಾಲಯಕ್ಕೆ ಯಾಕೆ ಆಗಬಾರದು?

ಕಾರಣ ನನಗೆ ಕಾಣುವುದು ಇಷ್ಟು. ನಮ್ಮ ವಿಭಾಗಗಳು ಚಿಕ್ಕವು. ಐದಾರು ಜನ ಕಾಯಂ ಮೇಷ್ಟ್ರು, ಉಳಿದವರು ಅತಿಥಿ ಉಪನ್ಯಾಸಕರು. ಇವತ್ತು ನೀವು ನನ್ನ ಮೇಲೆ ವರದಿ ಬರೆದರೆ ನಾಳೆ ನಾನು ನಿಮ್ಮ ಬಡ್ತಿ ಸಮಿತಿಗೆ ಬಂದು ಕೂರುತ್ತೇನೆ. ನಿಮ್ಮ ವಿದ್ಯಾರ್ಥಿಯ ವೈವಾಕ್ಕೆ ನನ್ನ ಗೆಳೆಯ ಬರುತ್ತಾನೆ. ವಿಭಾಗದ ಸಮಿತಿಗೆ ಮುಖ್ಯಸ್ಥರ ಜೊತೆ ಹೊರ ವಿಭಾಗದ ಒಬ್ಬರು, ಸಾಫ್ಟ್‌ವೇರ್ ಗೊತ್ತಿರುವ ಒಬ್ಬರು ಇರುತ್ತಾರೆ. ಹೊರ ವಿಭಾಗದವರನ್ನು ನೇಮಿಸುವವರು ಕುಲಪತಿಗಳು, ಸಾಫ್ಟ್‌ವೇರ್ ಗೊತ್ತಿರುವವರನ್ನು ನೇಮಿಸುವವರು ವಿಭಾಗದ ಮುಖ್ಯಸ್ಥರೇ. ಅದರ ಮೇಲೆ ಇಡೀ ವಿಶ್ವವಿದ್ಯಾಲಯಕ್ಕೆ ಇನ್ನೊಂದು ಸಮಿತಿ ಇದೆ. ಅದರಲ್ಲಿ ವಿಶ್ವವಿದ್ಯಾಲಯದ ಹೊರಗಿನವರು ಇರುವುದು ಒಬ್ಬರೇ, ಅವರನ್ನು ಆರಿಸುವವರೂ ಕುಲಪತಿಗಳೇ. ಒಂದೊಂದು ಸಮಿತಿಗೆ 45 ದಿನದಂತೆ ಎರಡಕ್ಕೂ ಒಟ್ಟು 90 ದಿನದ ಗಡುವು ಇದೆ. ಗಡುವು ಚೆನ್ನಾಗಿದೆ. ಆದರೆ ಇದು ಅಣ್ಣತಮ್ಮಂದಿರೇ ಕೂತು ಮಾಡುವ ಮನೆಪಂಚಾಯಿತಿ. ತೀರ್ಪು ಏನು ಬರುತ್ತದೆ ಅಂತ ಜಗಲಿಯಲ್ಲಿ ಕೂತವರಿಗೂ ಗೊತ್ತು.

ಸ್ವೀಡನ್ನಿನವರು ಒಂದು ದೊಡ್ಡ ವೈದ್ಯಕೀಯ ಹಗರಣ ಆದಮೇಲೆ ಇದನ್ನೇ ಸರಿಮಾಡಿದರು. ಗಂಭೀರವಾದ ಸಂಶೋಧನಾ ಮೋಸದ ದೂರುಗಳನ್ನು 2020ರಿಂದ ಆಯಾ ವಿಶ್ವವಿದ್ಯಾಲಯ ವಿಚಾರಿಸುವ ಹಾಗಿಲ್ಲ. ಅದಕ್ಕೇ ಒಂದು ರಾಷ್ಟ್ರೀಯ ಮಂಡಳಿ ಇದೆ, ಅಧ್ಯಕ್ಷತೆ ನ್ಯಾಯಾಧೀಶರದ್ದು. ಕರ್ನಾಟಕಕ್ಕೂ ಅಂಥದ್ದೊಂದು ಬೇಕು ಅಂತ ನನ್ನ ಅಭಿಪ್ರಾಯ. ಉನ್ನತ ಶಿಕ್ಷಣ ಇಲಾಖೆಯ ಅಡಿಯಲ್ಲಿ ಬೇಡ, ಅದರಿಂದ ದೂರ ಇರಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ದೂರನ್ನು ಶಂಕರಘಟ್ಟದವರು ನೋಡುವುದು ಬೇಡ, ಧಾರವಾಡದ್ದನ್ನು ಧಾರವಾಡದವರು ನೋಡುವುದು ಬೇಡ. ವಾಕ್ಯದ ಕಳ್ಳತನ ಮಾತ್ರ ಅಲ್ಲ, ಇಲ್ಲದ ಅಂಕಿ ಬರೆಯುವುದು, ಇರುವ ಅಂಕಿ ತಿರುಚುವುದು ಕೂಡ ಅದರ ವ್ಯಾಪ್ತಿಗೆ ಬರಬೇಕು.

ಇದರಿಂದ ಮೇಷ್ಟ್ರುಗಳಿಗೂ ಲಾಭ ಇದೆ. ಎಲ್ಲ ದೂರೂ ನಿಜ ಇರುವುದಿಲ್ಲ ಅನ್ನುವುದು ನಮಗೆಲ್ಲ ಗೊತ್ತು. ಕುಲಪತಿ ಹುದ್ದೆಗೆ ಒಬ್ಬರ ಹೆಸರು ಓಡಾಡತೊಡಗಿದ ವಾರವೇ ಅವರ ಇಪ್ಪತ್ತು ವರ್ಷ ಹಿಂದಿನ ಪ್ರಬಂಧದ ಜೆರಾಕ್ಸ್ ಪ್ರತಿ ಪತ್ರಿಕಾ ಕಚೇರಿಗಳಿಗೆ ಹೋಗುತ್ತದೆ. ಜಾತಿ, ಗುಂಪು, ಹಳೇ ಜಗಳ ಎಲ್ಲ ಅದರಲ್ಲಿ ಸೇರಿರುತ್ತದೆ. ಸುಳ್ಳು ಆರೋಪ ಹೊತ್ತವರನ್ನು ಮನೆಯ ಪಂಚಾಯಿತಿ ಬಿಡುಗಡೆ ಮಾಡಿದರೆ ಯಾರೂ ನಂಬುವುದಿಲ್ಲ. ಹೊರಗಿನವರು ನೋಡಿ 'ಇದರಲ್ಲಿ ತಪ್ಪಿಲ್ಲ' ಅಂದರೆ ಆ ಮಾತಿಗೆ ಬೆಲೆ ಇರುತ್ತದೆ.

ಎರಡನೇದು, ತೀರ್ಪು ಹೊರಗೆ ಬರಬೇಕು. ಈಗ ಏನಾಗುತ್ತದೆ? ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯಲ್ಲಿ ಒಂದು ವಿಷಯ ಬಂತು, 'ಚರ್ಚಿಸಿ ಸೂಕ್ತ ಕ್ರಮಕ್ಕೆ ತೀರ್ಮಾನಿಸಲಾಯಿತು'. ಯಾರ ಮೇಲೆ, ಯಾವ ಕ್ರಮ? ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಅದು ವೈಯಕ್ತಿಕ ಮಾಹಿತಿ, ಕೊಡಲಾಗದು ಅನ್ನುತ್ತಾರೆ. ನೌಕರರ ಶಿಸ್ತುಕ್ರಮದ ಬಗ್ಗೆ 2012ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಅವರಿಗೆ ಆಸರೆ. ನೌಕರನ ಸಂಬಳ, ರಜೆ ವೈಯಕ್ತಿಕ ಇರಬಹುದು. ಆದರೆ ಅಚ್ಚಾದ ಲೇಖನ ವೈಯಕ್ತಿಕ ಹೇಗಾದೀತು? ಅದು ಸುಳ್ಳು ಅಂತ ಸಾಬೀತಾದರೆ ಅದನ್ನು ನಂಬಿ ಮುಂದೆ ಕೆಲಸ ಮಾಡುವವರಿಗೆ ಗೊತ್ತಾಗಬೇಡವೇ? ಶೋಧಗಂಗಾ ಜಾಲತಾಣದಲ್ಲಿ ದೇಶದ ಲಕ್ಷಾಂತರ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ತಪ್ಪು ಸಾಬೀತಾದ ಪ್ರಬಂಧದ ಮೇಲೆ ಅಲ್ಲೇ ಒಂದು ಸಾಲು ಬರೆದು ಹಾಕಲಿ, ಗೈಡ್ ಹೆಸರಿನ ಸಮೇತ.

ಪ್ರಕಟಣೆಯ ಒತ್ತಡದ ಬಗ್ಗೆ ಬೇರೆಯವರು ತುಂಬಾ ಮಾತಾಡಿದ್ದಾರೆ, ನಾನು ಬೇಗ ದಾಟುತ್ತೇನೆ. 2010ರಿಂದ ಬಡ್ತಿಗೆ ಲೇಖನಗಳ ಅಂಕ ಲೆಕ್ಕ ಹಾಕತೊಡಗಿದರು. ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಯ ಹಾಗೆ ಎದ್ದವು. 2018ರಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಸಲ ಕೈಬಿಟ್ಟಿತು. ಆಮೇಲೆ ಹೊಸ ಪಟ್ಟಿ ಮಾಡಿತು, 2025ರಲ್ಲಿ ಅದನ್ನೂ ನಿಲ್ಲಿಸಿತು. ಒತ್ತಡ ಇದೆ, ಹೌದು. ಬ್ಯಾಂಕ್ ಕ್ಯಾಷಿಯರಿಗೂ ಮನೆ ಸಾಲದ ಒತ್ತಡ ಇರುತ್ತದೆ. ಅದನ್ನು ಕಾರಣ ಅಂತ ಯಾರೂ ಒಪ್ಪುವುದಿಲ್ಲ.

ನನಗೆ ಇದಕ್ಕಿಂತ ಮುಖ್ಯ ವಿದ್ಯಾರ್ಥಿಯ ಸ್ಥಿತಿ. ಪಿಎಚ್.ಡಿ ಮಾಡುವವನ ಫೆಲೋಶಿಪ್ ಬಿಲ್ಲಿಗೆ ಗೈಡ್ ಸಹಿ ಬೇಕು, ಆರು ತಿಂಗಳ ಪ್ರಗತಿ ವರದಿಗೆ ಸಹಿ ಬೇಕು, ಸಿನಾಪ್ಸಿಸ್‌ಗೆ, ಪ್ರಬಂಧ ಸಲ್ಲಿಕೆಗೆ ಸಹಿ ಬೇಕು. ಒಂದು ಸಹಿ ನಿಂತರೆ ಹಾಸ್ಟೆಲ್ ಊಟದ ದುಡ್ಡಿಗೂ ತತ್ವಾರ. ಅಂಥವನಿಂದ ದೂರು ನಿರೀಕ್ಷಿಸುವ ವಿಶ್ವವಿದ್ಯಾಲಯ ಮೊದಲು ಅವನಿಗೆ ಹೊಸ ಗೈಡ್ ಕೊಡಬೇಕು. ದೂರು ದಾಖಲಾದ ದಿನವೇ ಹಳೇ ಗೈಡ್ ಕೈಯಿಂದ ಅವನ ಕಾಗದಪತ್ರ ಹೊರಗೆ ಬರಬೇಕು, ಫೆಲೋಶಿಪ್ ನಿಲ್ಲಬಾರದು. ಇದಕ್ಕೆ ಹೊಸ ಕಾನೂನು ಬೇಡ, ಕುಲಸಚಿವರ ಒಂದು ಸುತ್ತೋಲೆ ಸಾಕು.

ಕೊನೆಯಲ್ಲಿ ಪ್ರಶ್ನೆಗಳು ಬಂದವು. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು, ಹೆಸರು ಹೇಳದೇ ಕೇಳಿದ: 'ಸರ್, ನಾಳೆ ನನಗೇ ಹೀಗೆ ಮಾಡು ಅಂದರೆ?'

ಅವನಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ನೀನು ಹೋದ ಮನೆಗಳ ಮೂಲ ಹಾಳೆಗಳನ್ನು ಯಾರಿಗೂ ಕೊಡಬೇಡ, ಫೋಟೋ ತೆಗೆದು ಇಮೇಲ್‌ನಲ್ಲಿ ನಿನಗೇ ಕಳಿಸಿಕೋ, ಅದರಲ್ಲಿ ತಾರೀಕು ಉಳಿಯುತ್ತದೆ. ಗೈಡ್ ಬಾಯಲ್ಲಿ ಹೇಳಿದ್ದನ್ನು ಅದೇ ದಿನ ವಿನಯದಿಂದ ಬರೆದು ಕೇಳು: 'ಸರ್, ಸ್ಯಾಂಪಲ್ ಸಂಖ್ಯೆ ಹೆಚ್ಚಿಸಲು ಹೇಳಿದ್ದೀರಿ, ಅದಕ್ಕೆ ಇನ್ನಷ್ಟು ಮನೆಗಳಿಗೆ ಹೋಗಲು ಸಮಯ ಬೇಕು'. ಉತ್ತರ ಬಂದರೂ ಬರದಿದ್ದರೂ ಅದು ದಾಖಲೆ. ಬಹಳ ಸಲ ಇಷ್ಟಕ್ಕೇ ಅವರು ಹಿಂದೆ ಸರಿಯುತ್ತಾರೆ. ಒಬ್ಬನೇ ಹೋಗಬೇಡ, ಟಿಲ್‌ಬರ್ಗ್‌ನವರು ಮೂವರಿದ್ದರು. ಗೈಡೇ ವಿಭಾಗದ ಮುಖ್ಯಸ್ಥರಾಗಿದ್ದರೆ ಕುಲಸಚಿವರಿಗೆ ಬರೆ, ಒಂದು ಪ್ರತಿ ಕುಲಪತಿಗಳಿಗೆ ಕಳಿಸು. ವಿಶ್ವವಿದ್ಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ ಅಂತಲೂ ನೆನಪಿಸು. 'ಭ್ರಷ್ಟ', 'ಅಯೋಗ್ಯ' ಅಂತೆಲ್ಲ ಬರೆಯಬೇಡ, ಎಷ್ಟನೇ ಪುಟ, ಎಷ್ಟನೇ ಸಾಲು, ಯಾವ ಅಂಕಿ ಅಂತ ಮಾತ್ರ ಬರೆ. ಟಪಾಲು ಶಾಖೆಯಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ತಾರೀಕಿನ ಸೀಲು ಹಾಕಿಸಿಕೋ. ನಲವತ್ತೈದು ದಿನ ಎಣಿಸುವುದು ಆ ಸೀಲಿನ ತಾರೀಕಿನಿಂದ.